ಬರ್ಲಿನ್ ಸಭೆಯ ಒಂಟಿ ದನಿ: ಹಾನ್ಸ್ ಪೀಟರ್ ಹಾನ್ಸೆನ್



ಈ ವರ್ಷ ನಮ್ಮ ಶಾಲೆಯಿಂದ ಪ್ರಮಾಣಪತ್ರ ಪಡೆದು ಹೊರಡುತ್ತಿರುವ ಮಕ್ಕಳ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಕೂಡಲೇ ಆಲೂರು ವೆಂಕಟರಾಯರು ನೆನಪಾದರು, ಬಿ.ಎಂ. ಶ್ರೀಕಂಠಯ್ಯನವರು ನೆನಪಾದರು. ಅವರ ವಿಷಯವನ್ನು ನಮ್ಮ ಮಕ್ಕಳು ತರಗತಿಯಲ್ಲಿಯೇ ಕೇಳಿದ್ದಾರೆ. ಹಾಗಾಗಿ ಈ ಸಲ ಕನ್ನಡಕ್ಕೂ ಕರ್ನಾಟಕಕ್ಕೂ ಸಂಬಂಧವೇ ಇಲ್ಲದ, ಆದರೆ ನಾವು ಈಗ ಬದುಕುತ್ತಿರುವ ಈ ಜರ್ಮನಿಯಲ್ಲೇ ತನ್ನ ಮನೆಮಾತಿಗಾಗಿ ಜೀವನವಿಡೀ ದುಡಿದ ಒಬ್ಬ ರಾಜಕಾರಣಿಯನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಹಾನ್ಸ್ ಪೀಟರ್ ಹಾನ್ಸೆನ್. ಡ್ಯಾನಿಶ್ ಅಲ್ಪಸಂಖ್ಯಾತ ಸಮುದಾಯದವರು. ಹನ್ನೆರಡು ವರ್ಷ ಪ್ರಶ್ಯಾ ರಾಜ್ಯದ ಲಾಂಡ್‌ಟಾಗ್‌ನಲ್ಲಿ, ಅಂದರೆ ನಮ್ಮ ವಿಧಾನಸಭೆಯಂಥ ಸಭೆಯಲ್ಲಿ, ಸದಸ್ಯರಾಗಿದ್ದರು. ಅನಂತರ ಇಡೀ ಸಾಮ್ರಾಜ್ಯದ ಸಂಸತ್ತಾದ ರೈಖ್‌ಸ್ಟಾಗ್‌ನಲ್ಲಿ ಕುಳಿತರು. ಡೆನ್ಮಾರ್ಕಿನ ಶಾಲೆಗಳಲ್ಲಿ ಇಂದಿಗೂ ಅವರ ವಿಷಯ ಪಾಠವಾಗಿ ಬರುತ್ತದೆ. ಇಲ್ಲಿ ಜರ್ಮನಿಯಲ್ಲಿ ಉತ್ತರದ ಗಡಿ ಜಿಲ್ಲೆಗಳನ್ನು ಬಿಟ್ಟರೆ ಅವರ ಹೆಸರು ಕೇಳಿಬರುವುದು ಅಪರೂಪ.

ಹಿರಿಯ ತರಗತಿಗೆ ಪಾಠ ಹೇಳುವವಳು ನಾನು. ಪ್ರತಿ ವರ್ಷ ಯಾರಾದರೊಬ್ಬ ತಾಯಿ ಅಥವಾ ತಂದೆ ನನ್ನ ಬಳಿ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. ಗಿಮ್ನಾಸಿಯುಮ್‌ನ ಓದು ಹೆಚ್ಚಾಗಿದೆ, ಇಂಗ್ಲಿಷ್ ಇದೆ, ಫ್ರೆಂಚ್ ಇದೆ, ಇನ್ನು ಶನಿವಾರದ ಕನ್ನಡ ಬೇಕೇ? ಬೇಕು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಯಾಕೆ ಬೇಕು, ಎಷ್ಟು ಬೇಕು, ಯಾವ ಮನಸ್ಸಿನಿಂದ ಬೇಕು ಎಂಬುದಕ್ಕೆ ಹಾನ್ಸೆನ್ ಅವರ ಬದುಕಿನಲ್ಲಿ ನನಗೆ ಒಳ್ಳೆಯ ಉತ್ತರ ಕಂಡಿತು.

ಹುಟ್ಟಿದ ಊರು ಒಂದೇ, ದೇಶ ಬೇರೆಯಾಯಿತು

ಹಾನ್ಸೆನ್ ಹುಟ್ಟಿದ್ದು 1862ರ ಫೆಬ್ರುವರಿ 21ರಂದು, ಷ್ಲೆಸ್ವಿಗ್ ಸಂಸ್ಥಾನದ ಉತ್ತರ ಭಾಗದಲ್ಲಿ, ಒಂದು ಕೃಷಿಕ ಕುಟುಂಬದಲ್ಲಿ. ಅವರ ಮನೆತನದ ಜಮೀನಿಗೆ ನೊರೆಮೊಲೆ ಎಂದು ಹೆಸರು. ಹಾನ್ಸೆನ್ ಎಂಬ ಹೆಸರಿನವರು ಆ ಕಡೆ ಊರಿಗೆ ಹತ್ತು ಜನ ಇರುವುದರಿಂದ, ನಮ್ಮಲ್ಲಿ ಊರಿನ ಅಥವಾ ಮನೆಯ ಹೆಸರನ್ನು ಮುಂದಿಟ್ಟು ಕರೆಯುವ ಹಾಗೆ, ಅವರನ್ನೂ ಹಾನ್ಸೆನ್-ನೊರೆಮೊಲೆ ಎಂದೇ ಕರೆಯುತ್ತಿದ್ದರು.

ಅವರು ಹುಟ್ಟಿದಾಗ ಆ ನೆಲ ಡೆನ್ಮಾರ್ಕಿನ ದೊರೆಯ ಕೈಯಲ್ಲಿತ್ತು. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ, 1864ರಲ್ಲಿ, ಪ್ರಶ್ಯಾ ಮತ್ತು ಆಸ್ಟ್ರಿಯಾ ಸೇರಿ ಡೆನ್ಮಾರ್ಕನ್ನು ಸೋಲಿಸಿದವು. ಏಪ್ರಿಲ್ 18ರಂದು ನಿರ್ಣಾಯಕ ಕಾಳಗ ನಡೆದ ಡ್ಯುಬ್ಬೋಲ್ ಇವರ ಸೀಮೆಯಲ್ಲೇ ಇದೆ. ಮುಂದೆ 1867ರಲ್ಲಿ ಷ್ಲೆಸ್ವಿಗ್ ಪ್ರಶ್ಯಾದ ಒಂದು ಪ್ರಾಂತ್ಯದ ಭಾಗವಾಯಿತು. ಮನೆ ಅಲ್ಲೇ, ಹೊಲ ಅಲ್ಲೇ, ಚರ್ಚು ಅಲ್ಲೇ. ದೇಶ ಮಾತ್ರ ಬೇರೆ. ಉತ್ತರ ಷ್ಲೆಸ್ವಿಗ್‌ನ ಸುಮಾರು ಒಂದೂವರೆ ಲಕ್ಷ ಜನರಲ್ಲಿ ಹೆಚ್ಚಿನವರ ಮನೆಮಾತು ಡ್ಯಾನಿಶ್. ಒಂದು ಬೆಳಗಾಗುವುದರಲ್ಲಿ ಅವರು ಅಲ್ಪಸಂಖ್ಯಾತರಾದರು.

1866ರ ಪ್ರಾಗ್ ಒಪ್ಪಂದದ ಐದನೆಯ ಕಲಂನಲ್ಲಿ ಅವರಿಗೆ ಒಂದು ಆಸೆ ಉಳಿದಿತ್ತು. ಉತ್ತರದ ಜಿಲ್ಲೆಗಳ ಜನ ಮುಕ್ತ ಮತದಾನದಲ್ಲಿ ಬಯಸಿದರೆ ಅವರನ್ನು ಡೆನ್ಮಾರ್ಕಿಗೆ ಬಿಟ್ಟುಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಆ ಮತದಾನ ನಡೆಯಲೇ ಇಲ್ಲ. 1878ರಲ್ಲಿ ಪ್ರಶ್ಯಾ ಮತ್ತು ಆಸ್ಟ್ರಿಯಾ ತಮ್ಮತಮ್ಮಲ್ಲೇ ಮಾತಾಡಿಕೊಂಡು ಆ ಕಲಂ ಅನ್ನು ತೆಗೆದುಹಾಕಿದವು.

ಶಾಲೆಯಿಂದ ಹೊರಬಿದ್ದ ಭಾಷೆ

ಭಾಷೆಯ ಮೇಲಿನ ಒತ್ತಡ ಹಂತಹಂತವಾಗಿ ಬಂತು. 1878ರಲ್ಲಿ ಡ್ಯಾನಿಶ್ ಶಾಲೆಗಳಲ್ಲಿ ಜರ್ಮನ್‌ಗೆ ಸಮಪಾಲು ಸಿಕ್ಕಿತು. ಹತ್ತು ವರ್ಷ ಕಳೆದು 1888ರ ಡಿಸೆಂಬರ್‌ನಲ್ಲಿ ಹೊರಟ ಆದೇಶ ಜರ್ಮನ್ ಒಂದನ್ನೇ ಬೋಧನಾ ಭಾಷೆಯಾಗಿ ಮಾಡಿತು. ಡ್ಯಾನಿಶ್‌ಗೆ ಉಳಿದದ್ದು ವಾರಕ್ಕೆ ನಾಲ್ಕು ಗಂಟೆ ಮೀರದ ಧಾರ್ಮಿಕ ಪಾಠ ಮಾತ್ರ. ಮಕ್ಕಳು ತಾಯ್ನುಡಿಯಲ್ಲಿ ಓದಲು, ಬರೆಯಲು ಕಲಿಯಬೇಕಾದರೆ ಅದು ಮನೆಯಲ್ಲೇ ಆಗಬೇಕಿತ್ತು.

ಇದಕ್ಕೆ ಆ ಸಮುದಾಯ ಕೊಟ್ಟ ಉತ್ತರವನ್ನು ನಾವು ಗಮನಿಸಬೇಕು. ಅವರು ಕೂಗಾಡುತ್ತ ಕೂರಲಿಲ್ಲ. 1880ರಲ್ಲಿ ಭಾಷಾ ಸಂಘವನ್ನು ಕಟ್ಟಿ ಊರೂರಿಗೆ ಡ್ಯಾನಿಶ್ ಪುಸ್ತಕ ಹಂಚಿದರು, ಹಾಡಿನ ಪುಸ್ತಕ ಅಚ್ಚುಹಾಕಿದರು, ಪುಟ್ಟಪುಟ್ಟ ಗ್ರಂಥಾಲಯ ತೆರೆದರು. 1888ರಲ್ಲಿ ಮತದಾರರ ಸಂಘ ಹುಟ್ಟಿತು. 1892ರಲ್ಲಿ ಶಾಲಾ ಸಂಘ ಬಂತು. ಪ್ರಾಥಮಿಕ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಗಡಿ ದಾಟಿಸಿ ಡೆನ್ಮಾರ್ಕಿನ ವಸತಿ ಶಾಲೆಗಳಿಗೆ ಕಳಿಸಲು ಧನಸಹಾಯ ಮಾಡುವುದು ಅದರ ಕೆಲಸ. ಅಧಿಕಾರಿಗಳಿಗೆ ಹೆದರಿ ಹೋಟೆಲಿನವರು ಸಭೆಗೆ ಜಾಗ ಕೊಡದೆ ಹೋದಾಗ, ಹಳ್ಳಿಯವರೇ ಚಂದಾ ಎತ್ತಿ ತಮ್ಮದೇ ಸಭಾಭವನಗಳನ್ನು ಕಟ್ಟಿಕೊಂಡರು. ನಾವು ಒಂದು ತರಗತಿಯ ಕೋಣೆಗಾಗಿ ಊರೆಲ್ಲ ಅಲೆದು ಕೊನೆಗೆ ಎಲ್ಲರೂ ಕೈಯಿಂದ ಹಾಕಿ ಬಾಡಿಗೆ ಕಟ್ಟಿದ ದಿನಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಯುವಕ ಹಾನ್ಸೆನ್ ಬೆಳೆದದ್ದು ಈ ವಾತಾವರಣದಲ್ಲಿ. ಮತದಾರರ ಸಂಘದ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. 1893ರಲ್ಲಿ ಓಬೆನ್ರೋ ಪಟ್ಟಣದ ಹೈಮ್ದಾಲ್ ಎಂಬ ಡ್ಯಾನಿಶ್ ಪತ್ರಿಕೆಯ ಸಂಪಾದಕರಾದರು. ಆ ಪಟ್ಟಣವನ್ನು ಜರ್ಮನ್ನರು ಅಪೆನ್ರಾಡೆ ಎನ್ನುತ್ತಾರೆ. ಆಗಿನ ಕಾಲದಲ್ಲಿ ಅಲ್ಲಿ ಡ್ಯಾನಿಶ್ ಪತ್ರಿಕೆ ನಡೆಸುವುದೆಂದರೆ ಮೊಕದ್ದಮೆಗಳ ನಡುವೆ ಬದುಕುವುದೆಂದೇ ಅರ್ಥ. ಫ್ಲೆನ್ಸ್‌ಬುರ್ಗ್‌ನ ಡ್ಯಾನಿಶ್ ಪತ್ರಿಕೆಯ ಸಂಪಾದಕ ಯೆನ್ಸ್ ಯೆಸ್ಸೆನ್ ಹಲವು ಸಲ ಸೆರೆಮನೆ ಕಂಡು ಬಂದವರು.

ಪ್ರಮಾಣವಚನದ ಇಕ್ಕಟ್ಟು

ಹಾನ್ಸೆನ್ ಪ್ರಶ್ಯಾ ಲಾಂಡ್‌ಟಾಗ್‌ಗೆ ಆಯ್ಕೆಯಾದದ್ದು 1896ರಲ್ಲಿ. ಅಲ್ಲಿನ ಚುನಾವಣೆಯ ರೀತಿಯೇ ವಿಚಿತ್ರ. ಕಟ್ಟುವ ತೆರಿಗೆಯ ಮೇಲೆ ಮತದಾರರನ್ನು ಮೂರು ವರ್ಗ ಮಾಡಿ, ಹೆಚ್ಚು ತೆರಿಗೆ ಕಟ್ಟುವ ಕೆಲವೇ ಜನರ ಕೈಗೆ ಮೂರನೇ ಒಂದು ಪಾಲು ಶಕ್ತಿ ಕೊಡುತ್ತಿದ್ದರು. ಮತವನ್ನು ಗುಟ್ಟಾಗಿ ಹಾಕುವಂತಿರಲಿಲ್ಲ, ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಸರ್ಕಾರಿ ನೌಕರಿಯವನು, ಸಾಹುಕಾರನ ಗೇಣಿಯವನು ಡ್ಯಾನಿಶ್ ಅಭ್ಯರ್ಥಿಯ ಹೆಸರು ಹೇಳಲು ಎಷ್ಟು ಧೈರ್ಯ ಬೇಕಿತ್ತೆಂದು ಊಹಿಸಿಕೊಳ್ಳಿ.

ಗೆದ್ದ ಮೇಲೂ ಒಂದು ತೊಡಕು. ಸದಸ್ಯರಾದವರು ಪ್ರಶ್ಯಾದ ಸಂವಿಧಾನಕ್ಕೆ ಪ್ರಮಾಣ ಮಾಡಬೇಕು. ಹಾನ್ಸೆನ್‌ಗಿಂತ ಹಿಂದಿನ ತಲೆಮಾರಿನ ನಾಯಕರಾದ ಕ್ರೂಗರ್ ಮತ್ತು ಆಲ್ಮನ್ ಪ್ರಮಾಣ ಮಾಡಲು ಒಪ್ಪಲಿಲ್ಲ. ಪ್ರಮಾಣ ಮಾಡಿದರೆ ತಮ್ಮನ್ನು ಗೆದ್ದುಕೊಂಡ ರಾಜ್ಯವನ್ನು ಒಪ್ಪಿದಂತಾಗುತ್ತದೆ ಎಂಬುದು ಅವರ ನಿಲುವು. ಅವರನ್ನು ಹೊರಗಟ್ಟುತ್ತಿದ್ದರು, ಜನ ಮತ್ತೆ ಆರಿಸುತ್ತಿದ್ದರು, ಮತ್ತೆ ಹೊರಗಟ್ಟುತ್ತಿದ್ದರು. ಆ ನಿಷ್ಠೆ ದೊಡ್ಡದು. ಆದರೆ ಸಭೆಯೊಳಗೆ ಡ್ಯಾನಿಶ್ ಜನರ ಪರವಾಗಿ ಮಾತಾಡಲು ಯಾರೂ ಇಲ್ಲದಂತಾಯಿತು.

ಹಾನ್ಸೆನ್ ಬೇರೆ ದಾರಿ ಹಿಡಿದವರ ಗುಂಪಿನಲ್ಲಿದ್ದರು. ಒಳಗೆ ಹೋಗಬೇಕು, ಕುರ್ಚಿಯಲ್ಲಿ ಕೂರಬೇಕು, ಅವರದೇ ಕಾನೂನನ್ನು ಅವರ ಮುಂದೆ ಹಿಡಿದು ಮಾತಾಡಬೇಕು ಎಂಬುದು ಆ ದಾರಿ. ಇದರಿಂದ ಸ್ವಂತ ಜನರಲ್ಲೇ ಬಿರುಕು ಬಂತು. ಯೆಸ್ಸೆನ್‌ರಂಥವರು ಪ್ರತಿಭಟನೆಯ ಹಳೆಯ ದಾರಿಯನ್ನೇ ನೆಚ್ಚಿದ್ದರು. ಪತ್ರಿಕೆಗಳಲ್ಲಿ ಎರಡು ಪಂಗಡದವರ ವಾದವಿವಾದ ವರ್ಷಗಟ್ಟಲೆ ನಡೆಯಿತು.

ಲಾಂಡ್‌ಟಾಗ್‌ನಲ್ಲಿ ನಾನೂರಕ್ಕೂ ಹೆಚ್ಚು ಸದಸ್ಯರಿದ್ದರು. ಅವರ ನಡುವೆ ಡ್ಯಾನಿಶ್ ಸಮುದಾಯದವರು ಒಂದಿಬ್ಬರು. ಬೆರಳೆಣಿಕೆಯ ಇವರು ಮಸೂದೆ ತಡೆಯುವುದು ಆಗದ ಮಾತು. ಹಾನ್ಸೆನ್ ಮಾಡಿದ್ದೇನೆಂದರೆ, ಊರಿನ ಪ್ರತಿ ಅನ್ಯಾಯವನ್ನೂ ಹೆಸರು, ದಿನಾಂಕ, ಸ್ಥಳ ಸಮೇತ ಬರ್ಲಿನ್‌ನ ಕಡತಕ್ಕೆ ಸೇರಿಸಿದರು. 1897ರಿಂದ 1901ರವರೆಗೆ ಪ್ರಾಂತ್ಯದ ಮುಖ್ಯಾಧಿಕಾರಿಯಾಗಿದ್ದ ಫಾನ್ ಕೋಲರ್, ಡ್ಯಾನಿಶ್ ಒಲವಿನ ರೈತರನ್ನು ಬಗ್ಗಿಸಲು ಅವರ ಮನೆಯ ಆಳುಮಕ್ಕಳನ್ನು, ಡೆನ್ಮಾರ್ಕಿನ ಪ್ರಜೆಗಳೆಂಬ ಕಾರಣಕ್ಕೆ, ಗಡಿಯಾಚೆ ಅಟ್ಟುತ್ತಿದ್ದ. ಸುಗ್ಗಿಯ ಹೊತ್ತಿಗೆ ಆಳುಗಳಿಲ್ಲದೆ ರೈತ ಸೋಲಬೇಕು ಎಂಬುದು ಲೆಕ್ಕಾಚಾರ. ಮಗನನ್ನು ಡೆನ್ಮಾರ್ಕಿನ ಶಾಲೆಗೆ ಕಳಿಸಿದ್ದಕ್ಕೂ ಇಂಥ ಶಿಕ್ಷೆ ಬರುತ್ತಿತ್ತು. ಈ ಪ್ರಸಂಗಗಳು ಸಭೆಯಲ್ಲಿ ಕೇಳಿಬಂದಾಗ ಜರ್ಮನ್ ಉದಾರವಾದಿಗಳೂ ಸಮಾಜವಾದಿಗಳೂ ನಾಚಿದರು, ಟೀಕಿಸಿದರು. ಪೋಲಿಷ್ ಸದಸ್ಯರು ಜೊತೆ ನಿಂತರು.

ಯೆಸ್ಸೆನ್ 1906ರಲ್ಲಿ ತೀರಿಕೊಂಡ ಮೇಲೆ ಹಾನ್ಸೆನ್ ಅದೇ ಕ್ಷೇತ್ರದಿಂದ ರೈಖ್‌ಸ್ಟಾಗ್‌ಗೆ ಹೋದರು. 397 ಸದಸ್ಯರ ನಡುವೆ ಡ್ಯಾನಿಶ್ ಜನರಿಗೆ ಅವರೊಬ್ಬರೇ. 1908ರವರೆಗೆ ಎರಡೂ ಸಭೆಗಳ ಕೆಲಸ ನಡೆಸಿದರು. 1907ರ ಜನವರಿಯಲ್ಲಿ ಜರ್ಮನಿ ಮತ್ತು ಡೆನ್ಮಾರ್ಕ್ ಮಾಡಿಕೊಂಡ ಒಪ್ಪಂದದಿಂದ, ಯಾವ ದೇಶದ ಪೌರತ್ವವೂ ಇಲ್ಲದೆ ಅತಂತ್ರರಾಗಿದ್ದ ಸಾವಿರಾರು ಮಕ್ಕಳಿಗೆ ಪ್ರಶ್ಯಾದ ಪೌರತ್ವ ಪಡೆಯುವ ದಾರಿ ತೆರೆಯಿತು. ಮಾತುಕತೆಯ ದಾರಿ ಫಲ ಕೊಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಮರುವರ್ಷವೇ ಬಂದ ಸಂಘ ಸಂಸ್ಥೆಗಳ ಕಾಯಿದೆ ಸಾರ್ವಜನಿಕ ಸಭೆಗಳು ಜರ್ಮನ್ ಭಾಷೆಯಲ್ಲೇ ನಡೆಯಬೇಕೆಂದು ವಿಧಿಸಿತು. ಬೇರೆ ಭಾಷೆಯವರು ನೂರಕ್ಕೆ ಅರವತ್ತಕ್ಕಿಂತ ಹೆಚ್ಚಿರುವ ಜಿಲ್ಲೆಗಳಿಗೆ ಮಾತ್ರ ಇಪ್ಪತ್ತು ವರ್ಷದ ವಿನಾಯಿತಿ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಹೀಗೇ ಸಾಗಿತು ಅವರ ರಾಜಕಾರಣ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಡ್ಯಾನಿಶ್ ಭಾಷೆಯ ಪರವಾದ ಈ ವಾದಗಳನ್ನೆಲ್ಲ ಹಾನ್ಸೆನ್ ಸಭೆಯಲ್ಲಿ ಮಂಡಿಸಿದ್ದು ಜರ್ಮನ್‌ನಲ್ಲಿ. ನಾಡಿನ ಭಾಷೆಯನ್ನು ಅರೆಬರೆ ಕಲಿತಿದ್ದರೆ ಮನೆಮಾತನ್ನು ಉಳಿಸುವುದು ಅವರಿಂದ ಆಗುತ್ತಿರಲಿಲ್ಲ. ಜರ್ಮನ್ ಚೆನ್ನಾಗಿ ಬರಲಿ ಎಂದು ಮನೆಯಲ್ಲಿ ಕನ್ನಡ ಬಿಡುವ ಪೋಷಕರೂ, ಕನ್ನಡದ ಅಭಿಮಾನದಲ್ಲಿ ಜರ್ಮನ್‌ನ್ನು ಹಗುರವಾಗಿ ಕಾಣುವವರೂ ಇದನ್ನು ಯೋಚಿಸಬೇಕು.

ಗೆಲುವಿನ ಹೊತ್ತಿನ ಸಂಯಮ

1914ರಲ್ಲಿ ಮಹಾಯುದ್ಧ ಶುರುವಾದಾಗ ಡ್ಯಾನಿಶ್ ಮುಖಂಡರನ್ನು ಹಿಡಿದು ಕೂಡಿಹಾಕಿದರು. ಹಾನ್ಸೆನ್ ಕೂಡ ಅಲ್ಪಕಾಲ ಬಂಧನದಲ್ಲಿದ್ದರು. ಉತ್ತರ ಷ್ಲೆಸ್ವಿಗ್‌ನ ಸುಮಾರು 30,000 ಗಂಡಸರು ಜರ್ಮನ್ ಸೈನ್ಯದ ಸಮವಸ್ತ್ರ ತೊಟ್ಟು ಹೋದರು. ಅವರಲ್ಲಿ 5,000ಕ್ಕೂ ಹೆಚ್ಚು ಜನ ಮರಳಲಿಲ್ಲ. ತಮ್ಮದಲ್ಲದ ಯುದ್ಧದಲ್ಲಿ ಸತ್ತವರು ಅವರು. ಹಾನ್ಸೆನ್ ಬರ್ಲಿನ್‌ನಲ್ಲಿದ್ದುಕೊಂಡು ಕಂಡದ್ದು ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಸಾಮ್ರಾಜ್ಯವೊಂದು ಒಳಗಿನಿಂದ ಕುಸಿದದ್ದನ್ನು ತಿಳಿಯಲು ಇತಿಹಾಸಕಾರರು ಅದನ್ನು ಓದುತ್ತಾರೆ. 1955ರಲ್ಲಿ ಅದು ಇಂಗ್ಲಿಷಿಗೂ ಬಂತು.

1918ರ ಅಕ್ಟೋಬರ್ 23ರಂದು, ಸೋಲು ಖಚಿತವಾಗಿದ್ದ ಹೊತ್ತಿನಲ್ಲಿ, ಹಾನ್ಸೆನ್ ರೈಖ್‌ಸ್ಟಾಗ್‌ನಲ್ಲಿ ಎದ್ದು ನಿಂತು ತಮ್ಮ ಜನರ ಸ್ವನಿರ್ಣಯದ ಹಕ್ಕನ್ನು ಕೇಳಿದರು. ಚಕ್ರವರ್ತಿ ಸಿಂಹಾಸನ ಬಿಟ್ಟು ಹೋದ ಮೇಲೆ, ನವೆಂಬರ್ 14ರಂದು, ವಿದೇಶಾಂಗ ಮುಖ್ಯಸ್ಥ ಜೊಲ್ಫ್ ಅವರಿಗೆ ಬರೆದುಕೊಟ್ಟ ಪತ್ರದಲ್ಲಿ ಆ ಹಕ್ಕಿಗೆ ಒಪ್ಪಿಗೆ ಸಿಕ್ಕಿತು. ನವೆಂಬರ್ 16 ಮತ್ತು 17ರಂದು ಓಬೆನ್ರೋದ ಫೋಲ್ಕೆಯೆಮ್ ಎಂಬ ಸಭಾಭವನದಲ್ಲಿ ಮತದಾರರ ಸಂಘದ ಸಭೆ ಸೇರಿತು. ಎರಡನೆಯ ದಿನ ಹಾನ್ಸೆನ್ ಅದರ ಮೇಲುಪ್ಪರಿಗೆಗೆ ಬಂದು ನೆರೆದ ಜನಕ್ಕೆ ಸುದ್ದಿ ಹೇಳಿದರು. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕಟ್ಟಡವನ್ನು ನಾನು ನೋಡಿಬಂದಿದ್ದೇನೆ. ಹ್ಯಾಂಬರ್ಗ್ ಕಡೆಯವರಿಗೆ ಒಂದು ದಿನದ ಪ್ರವಾಸವಷ್ಟೇ.

ಅವರ ಬದುಕಿನ ನಿಜವಾದ ಪರೀಕ್ಷೆ ಶುರುವಾದದ್ದು ಇಲ್ಲಿಂದ. ಜರ್ಮನಿ ಸೋತು ಮಲಗಿತ್ತು. ಗೆದ್ದ ದೇಶಗಳು ಕೇಳಿದ್ದನ್ನು ಕೊಡುವ ಮನಸ್ಸಿನಲ್ಲಿದ್ದವು. ಚರಿತ್ರೆಯ ಆಧಾರದ ಮೇಲೆ ಇಡೀ ಷ್ಲೆಸ್ವಿಗ್ ನಮಗೆ ಬರಬೇಕು ಎಂದು ಡೆನ್ಮಾರ್ಕಿನಲ್ಲಿ ಒಂದು ಗುಂಪು, ಕಡೇಪಕ್ಷ ಫ್ಲೆನ್ಸ್‌ಬುರ್ಗ್ ನಗರವಾದರೂ ಬರಬೇಕು ಎಂದು ಇನ್ನೊಂದು ಗುಂಪು ಪಟ್ಟುಹಿಡಿದವು. ಹಾನ್ಸೆನ್ ಒಪ್ಪಲಿಲ್ಲ. ಉತ್ತರ ಷ್ಲೆಸ್ವಿಗ್ ಒಂದು ಘಟಕವಾಗಿ ಮತ ಹಾಕಲಿ, ಅದರ ದಕ್ಷಿಣಕ್ಕಿರುವ ಊರುಗಳು ತಾವಾಗಿ ಬಯಸಿದರೆ ಪ್ರತ್ಯೇಕವಾಗಿ ಮತ ಹಾಕಲಿ, ಜನ ಹೇಳಿದ ಕಡೆ ಗಡಿ ನಿಲ್ಲಲಿ ಎಂದು ಓಬೆನ್ರೋ ನಿರ್ಣಯ ಹೇಳಿತು. ಐವತ್ತು ವರ್ಷ ತಾವು ಉಂಡ ನೋವನ್ನು ಜರ್ಮನ್ ಮಾತಾಡುವ ಜನರಿಗೆ ಉಣಿಸಬಾರದು ಎಂಬುದು ಅದರ ಒಳತಿರುಳು.

ಮತದಾನ ನಡೆಯಿತು. 1920ರ ಫೆಬ್ರುವರಿ 10ರಂದು ಉತ್ತರ ವಲಯದಲ್ಲಿ 75,431 ಜನ ಡೆನ್ಮಾರ್ಕಿಗೆ, 25,329 ಜನ ಜರ್ಮನಿಗೆ ಮತ ಕೊಟ್ಟರು. ಮಾರ್ಚ್ 14ರಂದು ಎರಡನೆಯ ವಲಯದಲ್ಲಿ ನೂರಕ್ಕೆ ಎಂಬತ್ತು ಜನ ಜರ್ಮನಿಯ ಕಡೆ ನಿಂತರು. ಫ್ಲೆನ್ಸ್‌ಬುರ್ಗ್ ಜರ್ಮನಿಯಲ್ಲೇ ಉಳಿಯಿತು. ಇದರಿಂದ ಕೆರಳಿದವರು ಕೋಪನ್‌ಹೇಗನ್‌ನಲ್ಲಿ ಗದ್ದಲ ಎಬ್ಬಿಸಿದರು. ಫ್ಲೆನ್ಸ್‌ಬುರ್ಗ್ ಕೇಳಲು ಒಪ್ಪದ ಪ್ರಧಾನಿ ಸಾಲೆಯವರ ಸಂಪುಟವನ್ನು ಮಾರ್ಚ್ 29ರಂದು ದೊರೆ ಹತ್ತನೆಯ ಕ್ರಿಸ್ಟಿಯನ್ ವಜಾಮಾಡಿದರು. ಷ್ಲೆಸ್ವಿಗ್ ವ್ಯವಹಾರಗಳ ಮಂತ್ರಿಯಾಗಿ 1919ರಲ್ಲಿ ಆ ಸಂಪುಟ ಸೇರಿದ್ದ ಹಾನ್ಸೆನ್ ಕೂಡ ಅಧಿಕಾರ ಕಳೆದುಕೊಂಡರು. ಜುಲೈ 10ರಂದು ದೊರೆ ಬಿಳಿಕುದುರೆಯ ಮೇಲೆ ಹಳೆಯ ಗಡಿ ದಾಟಿ ಬಂದಾಗ ಹಾನ್ಸೆನ್ ಮಂತ್ರಿಯಾಗಿರಲಿಲ್ಲ. ಜೀವಮಾನದ ಕನಸು ನನಸಾದ ವರ್ಷವೇ ಸ್ವಂತ ಜನರಲ್ಲಿ ಕೆಲವರಿಂದ ದ್ರೋಹಿ ಎಂಬ ಬೈಗುಳವನ್ನೂ ಕೇಳಬೇಕಾಯಿತು. 1936ರಲ್ಲಿ ಓಬೆನ್ರೋದಲ್ಲಿ ತೀರಿಕೊಂಡರು.

ಇನ್ನೊಂದು ಸಂಗತಿ. ಅವರು ಪತ್ರಿಕೆ ನಡೆಸಿದ ಓಬೆನ್ರೋ ಪಟ್ಟಣದಲ್ಲಿಯೇ 1920ರಲ್ಲಿ ಹೆಚ್ಚಿನ ಮತ ಜರ್ಮನಿಗೆ ಬಿದ್ದಿತ್ತು. ಸುತ್ತಲಿನ ಹಳ್ಳಿಗಳ ಮತದಿಂದ ಅದು ಡೆನ್ಮಾರ್ಕಿಗೆ ಬಂತು. ಈಗ ಅಲ್ಪಸಂಖ್ಯಾತರಾದವರು ಆ ಜರ್ಮನ್ನರು. ಅವರಿಗೆ ತಮ್ಮ ಭಾಷೆಯ ಶಾಲೆ ಸಿಕ್ಕಿತು, ಇಂದಿಗೂ ಇದೆ.

ಕಾಸರಗೋಡು ನೆನಪಾಗುತ್ತದೆ

ಇದನ್ನೆಲ್ಲ ಓದುವಾಗ ಕನ್ನಡಿಗರಿಗೆ ಕಾಸರಗೋಡು ನೆನಪಾಗದೆ ಇರುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಜನರ ಮತ ಕೇಳಿದ ಗಡಿ ಅಲ್ಲ ಅದು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶ ರಾವ್ ಅವಿರೋಧವಾಗಿ ಕೇರಳ ವಿಧಾನಸಭೆಗೆ ಆಯ್ಕೆಯಾದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರದಿಂದ ಗೆದ್ದು ಕನ್ನಡಿಗರ ದನಿಯಾದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ಆದರೂ ಅಲ್ಲಿ ಕನ್ನಡ ಶಾಲೆಗಳು ನಡೆಯುತ್ತಿವೆ. ಕಯ್ಯಾರ ಕಿಞ್ಞಣ್ಣ ರೈಗಳಂಥ ಮೇಷ್ಟ್ರುಗಳು ಗಡಿ ಬದಲಾಗಲೆಂದು ಹೋರಾಡುತ್ತಲೇ, ಅದು ಬದಲಾಗುವವರೆಗೆ ಕಾಯದೆ, ಪಾಠ ಹೇಳಿದರು.

ನಮ್ಮ ಸ್ಥಿತಿ ಇವೆರಡಕ್ಕಿಂತ ಬೇರೆ. ಯಾವ ಸೈನ್ಯವೂ ನಮ್ಮ ಊರಿಗೆ ಬರಲಿಲ್ಲ. ನಾವೇ ಕೆಲಸ ಹುಡುಕಿ ವೀಸಾ ತೆಗೆದುಕೊಂಡು ಬಂದವರು. ಇಲ್ಲಿ ಕನ್ನಡ ಮಾತಾಡಬೇಡಿ ಎಂದು ಯಾವ ಆದೇಶವೂ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋದರೆ ಬೊಟ್ಟು ಮಾಡಿ ತೋರಿಸಲು ಒಬ್ಬ ಫಾನ್ ಕೋಲರ್ ಕೂಡ ಸಿಗುವುದಿಲ್ಲ. 1888ರಿಂದ 1920ರವರೆಗೆ, ಅಂದರೆ ಮೂವತ್ತೆರಡು ಸುಗ್ಗಿ, ಶಾಲೆಯಲ್ಲಿ ನಿಷೇಧವಾದ ಭಾಷೆ ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಹಾಡಿನ ಪುಸ್ತಕದಲ್ಲಿ ಉಳಿಯಿತು. ಮತದಾನದ ದಿನ ಮುಕ್ಕಾಲು ಪಾಲು ಜನ ಅದರ ಪರ ನಿಂತರೆಂದರೆ ಅದರಲ್ಲಿ ರಾಜಕಾರಣಿಯ ಪಾಲಿಗಿಂತ ತಾಯಂದಿರ ಪಾಲೇ ದೊಡ್ಡದು ಎಂದು ನನಗನಿಸುತ್ತದೆ.

ಮಕ್ಕಳಿಗೆ ಉಳಿದ ಆಸ್ತಿ

ಫ್ಲೆನ್ಸ್‌ಬುರ್ಗ್‌ನಲ್ಲಿ 1920ರಲ್ಲಿ ಶುರುವಾದ ಡ್ಯಾನಿಶ್ ಪ್ರೌಢಶಾಲೆ ದೂಬೋರ್ಗ್ ಇಂದಿಗೂ ನಡೆಯುತ್ತಿದೆ. 1955ರ ಬಾನ್ ಮತ್ತು ಕೋಪನ್‌ಹೇಗನ್ ಘೋಷಣೆಗಳ ಪ್ರಕಾರ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವನು ಎಂದು ಹೇಳಿಕೊಳ್ಳುವುದು ಪ್ರತಿಯೊಬ್ಬನ ಸ್ವಂತ ಇಚ್ಛೆ. ಅದನ್ನು ಯಾವ ಅಧಿಕಾರಿಯೂ ಪರೀಕ್ಷಿಸುವಂತಿಲ್ಲ. ಆ ಸಮುದಾಯದ ಪಕ್ಷಕ್ಕೆ ಕೀಲ್‌ನ ಲಾಂಡ್‌ಟಾಗ್ ಚುನಾವಣೆಯಲ್ಲಿ ಶೇಕಡಾ ಐದರ ಮಿತಿ ಅನ್ವಯಿಸುವುದಿಲ್ಲ. 2012ರಿಂದ 2017ರವರೆಗೆ ಆ ಪಕ್ಷದ ಆಂಕೆ ಸ್ಪೋರೆಂಡಾಂಕ್ ಅವರು ಷ್ಲೆಸ್ವಿಗ್-ಹೋಲ್‌ಷ್ಟೈನ್ ಸರ್ಕಾರದಲ್ಲಿ ಮಂತ್ರಿಯೂ ಆಗಿದ್ದರು. ಪ್ರಮಾಣವಚನ ಮಾಡಲಾರದೆ ಹೊರಗುಳಿದ ಕ್ರೂಗರ್ ಮತ್ತು ಆಲ್ಮನ್ ಅವರ ಕಾಲದಿಂದ ಇಲ್ಲಿಯವರೆಗಿನ ದಾರಿಯಲ್ಲಿ ಹಾನ್ಸೆನ್ ಹಾಕಿದ ಕಲ್ಲುಗಳು ಬಹಳ ಇವೆ.

ನಮ್ಮ ತರಗತಿಯಲ್ಲಿ ಅಮ್ಮ ಧಾರವಾಡದವರು, ಅಪ್ಪ ಜರ್ಮನ್ ಆಗಿರುವ ಮಕ್ಕಳಿದ್ದಾರೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಮಾತಾಡಿ ಶನಿವಾರ ಕನ್ನಡಕ್ಕೆ ಬರುವವರಿದ್ದಾರೆ. ನಾನು ನಿಜವಾಗಿ ಕನ್ನಡಿಗನೇ ಎಂದು ಅವರಲ್ಲಿ ಒಬ್ಬಿಬ್ಬರಾದರೂ ಕೇಳಿದ್ದುಂಟು. ಆ ಘೋಷಣೆಯ ಮಾತನ್ನೇ ಅವರಿಗೆ ನಾನು ಹೇಳುತ್ತೇನೆ. ರಕ್ತ, ಉಚ್ಚಾರಣೆ, ಪಾಸ್‌ಪೋರ್ಟ್ ಯಾವುದನ್ನೂ ಯಾರೂ ತೂಗಿ ನೋಡಬೇಕಾಗಿಲ್ಲ. ನೀನು ಹೌದೆಂದರೆ ಹೌದು.

ಪೋಷಕರಲ್ಲಿ ನನ್ನದೊಂದು ಕೋರಿಕೆ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಶನಿವಾರದ ತರಗತಿ ಮುಗಿಯುತ್ತದೆ, ಮನೆಯ ಕನ್ನಡ ಮುಗಿಯಬಾರದು. ಅಜ್ಜಿಯ ಜೊತೆ ಫೋನಿನಲ್ಲಿ ಮಗುವೇ ಮಾತಾಡಲಿ, ನೀವು ನಡುವೆ ಬಂದು ಅನುವಾದ ಮಾಡಬೇಡಿ. ತಿಂಗಳಿಗೊಂದು ಕನ್ನಡ ಪುಸ್ತಕ ಊಟದ ಮೇಜಿನ ಮೇಲಿರಲಿ. ಜರ್ಮನ್‌ನಲ್ಲಿ ಮೊದಲ ದರ್ಜೆ ಬರಲಿ, ಅದೂ ಬೇಕು. ಇವತ್ತು ಹೊರಡುವ ಮಕ್ಕಳಲ್ಲಿ ಒಬ್ಬಳು ನಾಳೆ ಯಾವುದೋ ಲಾಂಡ್‌ಟಾಗ್‌ನಲ್ಲಿ ನಿಂತು ತನಗಿಂತ ಚಿಕ್ಕ ಸಮುದಾಯವೊಂದರ ಭಾಷೆಯ ಪರವಾಗಿ ಮಾತಾಡಿದರೆ, ನಮ್ಮ ಈ ಪುಟ್ಟ ಶಾಲೆಯ ಕೆಲಸ ಸಾರ್ಥಕ.

ಎಲ್ಲ ಮಕ್ಕಳಿಗೂ ಶುಭವಾಗಲಿ.